ನಿನಗಿಂತ ಎರಡು ಸಾವಿರ ಹೆಚ್ಚು

ಟಕೋಮಾ
ಏಪ್ರಿಲ್ 22, 2019

ಪ್ರೀತಿಯ ವೆಂಡೆಲ್,

ವಿಚ್ಛೇದನವಾಗಿ ಹತ್ತೊಂಬತ್ತು ವರ್ಷದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಯಾರಾದರೂ ತೀರಿಕೊಂಡರೇನೋ ಎಂದು ಗಾಬರಿಯಾಗಬೇಡ. ತೀರಿಕೊಂಡವರು ನಮ್ಮ ಹಳೆಯ ಮನೆಯೊಡತಿ ಸೋಲ್ವೆಗ್ ಹೌಗನ್ ಒಬ್ಬರೇ. ಅದು ನಿನಗೂ ಗೊತ್ತು. ಗೊತ್ತಿಲ್ಲದಿದ್ದರೆ ಅವರ ಮನೆ ಕೊಳ್ಳಲು ನೀನು ಅರ್ಜಿ ಹಾಕುತ್ತಿರಲಿಲ್ಲ.

ಹೌದು, ಬೆಲೆಯಲ್ಲಿ ನಿನ್ನನ್ನು ಮೀರಿಸಿದ ಆ ಇನ್ನೊಬ್ಬರು ನಾನೇ.

ನನ್ನ ದಲ್ಲಾಳಿ ಟ್ರೂಡಿ, "ಬರೀ ಒಂದು ಬೆಲೆ ಬರೆದ್ರೆ ಈಗ ಈ ಊರಲ್ಲಿ ಕೋಳಿಗೂಡೂ ಸಿಗಲ್ಲ ಕಣೆ" ಎಂದು ಏರಿಕೆಯ ಷರತ್ತು ಬರೆಸಿದಳು. ಬೇರೆ ಯಾರು ಎಷ್ಟೇ ಕೊಡಲಿ, ಅದಕ್ಕಿಂತ ಎರಡು ಸಾವಿರ ಡಾಲರ್ ಹೆಚ್ಚು ಕೊಡುತ್ತೇನೆ, ಆದರೆ ಇಂತಿಷ್ಟರ ಮೇಲೆ ಇಲ್ಲ ಎಂಬ ಷರತ್ತು. ನಿನ್ನ ದಲ್ಲಾಳಿಯೂ ಅದನ್ನೇ ಬರೆಸಿದ್ದಾನೆ. ಕಳೆದ ಮಂಗಳವಾರ ಎರಡೂ ಅರ್ಜಿಗಳು ಒಂದರ ಮೇಲೊಂದು ಏರುತ್ತಾ ಹೋಗಿ, ನಿನ್ನ ಮಿತಿ ಮುಗಿಯಿತು. ನನ್ನದು ಇನ್ನೂ ಸ್ವಲ್ಪ ಮೇಲಿತ್ತು. ಬೆಲೆ ಏರಿಸಿದ ಎದುರಾಳಿ ನಿಜವಾಗಿ ಇದ್ದಾನೆಂದು ತೋರಿಸಲು ಮಾರುವವರು ಅವನ ಅರ್ಜಿಯ ಪ್ರತಿ ಕಳಿಸಬೇಕಲ್ಲ, ಅದನ್ನು ಬಿಚ್ಚಿದರೆ ಬಾಲ ಎಳೆದ ನಿನ್ನ ಸಹಿ! ಜೋರಾಗಿ ನಕ್ಕುಬಿಟ್ಟೆ. ಕಾರಣ ಹೇಳಿದರೆ ಟ್ರೂಡಿ, "ಅಯ್ಯೋ, ಮೊದ್ಲೇ ಒಂದು ಫೋನ್ ಮಾಡಿದ್ರೆ ಎಷ್ಟೋ ಕಮ್ಮಿಗೆ ಸಿಕ್ತಿತ್ತಲ್ಲೇ" ಎಂದು ತಲೆ ಚಚ್ಚಿಕೊಂಡಳು.

ನಮ್ಮ ಸಂಸಾರವೂ ಇದೇ ಷರತ್ತಿನ ಮೇಲೆ ನಡೆದದ್ದಲ್ಲವೇ? ನೀನು ಒಂದು ಅಂದರೆ ನಾನು ಅದಕ್ಕಿಂತ ಒಂದು ಹೆಚ್ಚು. ಮಿತಿ ಬರೆಯುವುದನ್ನು ಮಾತ್ರ ಇಬ್ಬರೂ ಮರೆತೆವು.

ಆದರೂ ಆ ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದ ಮೊದಲ ಐದು ವರ್ಷ ಎಷ್ಟು ಚೆನ್ನಾಗಿತ್ತು! ಗಾಳಿ ತಿರುಗಿ ಕಾಗದದ ಕಾರ್ಖಾನೆಯ ವಾಸನೆ ಬಂದರೆ ನೀನು ಕಿಟಕಿ ಮುಚ್ಚು ಅನ್ನುತ್ತಿದ್ದೆ, ನಾನು ಸೆಕೆ ಅನ್ನುತ್ತಿದ್ದೆ. ಜಗಳ ಜೋರಾದರೆ ಮೇಲಿನಿಂದ ಹೌಗನ್ ಪೊರಕೆಯ ಕೋಲಿನಿಂದ ಕುಟ್ಟಿ, "ಯಾರಾದ್ರೂ ಒಬ್ರು ಸೋಲ್ರಪ್ಪಾ, ನಂಗೆ ರೇಡಿಯೋ ಕೇಳಿಸ್ತಿಲ್ಲ!" ಎಂದು ಕೂಗುತ್ತಿದ್ದರು. ಆಮೇಲೆ ತಾವೇ ಬೆಣ್ಣೆ ಸಕ್ಕರೆ ಸವರಿದ ಆಲೂಗಡ್ಡೆ ರೊಟ್ಟಿ ಹಿಡಿದು ಕೆಳಗಿಳಿದು ಬರುತ್ತಿದ್ದರು. ಭಾನುವಾರ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿ ನೀನೇ ನನ್ನ ಕೂದಲು ಕತ್ತರಿಸುತ್ತಿದ್ದೆ, ನೆನಪಿದೆಯೇ? ಎಡಗಡೆ ಯಾವಾಗಲೂ ಗಿಡ್ಡ. ಆಮೇಲೆ ಎಷ್ಟು ದೊಡ್ಡ ಅಂಗಡಿಯಲ್ಲಿ ಕತ್ತರಿಸಿಕೊಂಡರೂ ಆ ಸುಖ ಸಿಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮನೆಯ ತಪಾಸಣೆಗೆ ಗುರುವಾರದವರೆಗೆ ಗಡುವಿದೆ. ಅಷ್ಟರೊಳಗೆ ನಾನು ಹಿಂದೆ ಸರಿದರೆ ಮನೆ ಎರಡನೆಯವನಾದ ನಿನಗೆ ಹೋಗುತ್ತದೆ. ಆಸೆ ಇಟ್ಟುಕೊಳ್ಳಬೇಡ. ಚಿಮಣಿ ಬಿರುಕು ಬಿಟ್ಟಿದೆ, ನೆಲಮಾಳಿಗೆಯಲ್ಲಿ ನೀರು ಒಸರುತ್ತದೆ, ಆದರೂ ಬಿಡುವವಳಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ ನನ್ನದು ಅನ್ನುವ ಒಂದು ಅಡುಗೆಮನೆ ಬೇಕು, ಅದೂ ಅದೇ ಅಡುಗೆಮನೆ ಬೇಕು. ಬೇರೆಯವರ ಬಾಯಿಂದ ಕೇಳಿ ನೀನು ನೊಂದುಕೊಳ್ಳಬಾರದೆಂದು ನಾನೇ ತಿಳಿಸುತ್ತಿದ್ದೇನೆ, ಅಷ್ಟೆ. ನಿನ್ನ ಮಂಡಿನೋವು ಈಗ ಹೇಗಿದೆ?

ಒಂದು ಕಾಲದಲ್ಲಿ ನಿನ್ನವಳಾಗಿದ್ದ,
ಲೋರ್ನಾ

ತಾ.ಕ.: ಅಂಟಿಸಿದ ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ. ಮಾರುವವರ ಮನಸ್ಸು ಕರಗಿಸಲು ಕೊಳ್ಳುವವರು ಅರ್ಜಿಯ ಜೊತೆ ಒಂದು ಪತ್ರ ಇಡುತ್ತಾರಲ್ಲ, ನಿನ್ನದು ಆ ಅರ್ಜಿಯ ಪ್ರತಿಯ ಹಿಂದೆ ತಪ್ಪಿ ಬಂದಿತ್ತು. ಓದಬಾರದೆಂದು ವಾರವಿಡೀ ಎತ್ತಿಟ್ಟಿದ್ದೆ, ಈಗ ಓದಿದೆ. "ನನ್ನ ಹೆಂಡತಿಯೂ ನಾನೂ ಬಾಳು ಶುರು ಮಾಡಿದ್ದು ಈ ಮನೆಯಲ್ಲಿ" ಎಂದು ಬರೆದಿದ್ದೀಯ. ಮಾಜಿ ಎಂಬ ಮಾತು ಎಲ್ಲೂ ಇಲ್ಲ. ನಾನೂ ಒಂದು ಪತ್ರ ಇಟ್ಟಿದ್ದೆ, ವೆಂಡೆಲ್. ಆ ಮನೆಯಲ್ಲಿ ನಾನು ಒಬ್ಬಳೇ ಇದ್ದೆ ಎಂದು ಅದರಲ್ಲಿ ಬರೆದಿದ್ದೆ. ನನಗೆ ನಾಚಿಕೆಯಾಗುತ್ತಿದೆ. ಹಿಂದೆ ಸರಿಯುವ ಕಾಗದಕ್ಕೆ ಸಹಿ ಹಾಕಿ ಟ್ರೂಡಿಗೆ ಕಳಿಸಿದ್ದೇನೆ. ಮನೆ ನಿನ್ನದು. ಊಟಕ್ಕೆ ಕರೆದರೆ ಬರುತ್ತೇನೆ.