ಓಟಗಾರನ ಎಡಗಾಲು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಎದುರುಮನೆಯ ತಂತಿಯ ಮೇಲೆ ಒಂದು ಬಿಳಿ ಅಂಗಿ ನೇತಾಡುತ್ತಿತ್ತು. ಗಾಳಿ ಇದ್ದಂತೆ ಕಾಣಲಿಲ್ಲ. ಆದರೂ ಅದರ ಒಂದು ತೋಳು ಮೆಲ್ಲಗೆ ತುಂಬಿಕೊಂಡು, ಒಳಗೆ ಯಾರೋ ಕೈ ತೂರಿಸಿದ ಹಾಗೆ ಮೇಲೆದ್ದಿತು. ಇನ್ನೊಂದು ತೋಳು ಅಲ್ಲಾಡಲಿಲ್ಲ. ಟೀ ಆರಿಹೋಗುವವರೆಗೂ ನೋಡುತ್ತ ನಿಂತಿದ್ದು, ಆಮೇಲೆ ನಿನಗೆ ಬರೆಯಲು ಕೂತೆ. ನಿನ್ನ ಎರಡು ಕಾಗದಕ್ಕೂ ಉತ್ತರ ಕೊಡದಿದ್ದಕ್ಕೆ ಬೈಯಬೇಡ. ಬೈದರೂ ಸರಿ, ನೀನು ಬೈದರೆ ಮನೆಗೆ ಬಂದ ಹಾಗೇ ಇರುತ್ತದೆ. ಸೊಂಟನೋವು ಹೇಗಿದೆ? ಪುಟ್ಟಿಗೆ ಮುಂದಿನ ಹಲ್ಲು ಬಂತೇ?

ನೀನು ಹೇಳಿದ್ದನ್ನು ಮರೆತಿಲ್ಲ. ಹನ್ನೊಂದು ವರ್ಷದ ನಮ್ಮ ತಮ್ಮ ಹೊಳೆಗೆ ಹೋದವನು ಸಿಗದೆ ಒಂಬತ್ತು ವರ್ಷವಾಯಿತು. ಅವನು ಹುಟ್ಟಿದ ದಿನಕ್ಕೆಂದು ಅಮ್ಮ ವರ್ಷಕ್ಕೊಂದು ಅಂಗಿ ಹೊಲಿಯುತ್ತಾಳೆ, ಪ್ರತಿ ಸಲ ಕೊಂಚ ದೊಡ್ಡದು. ಅಳತೆ ಕಳಿಸುವವಳು ನಾನು. 'ಕಣ್ಣಿನ ಡಾಕ್ಟರು ಸೂಜಿ ಮುಟ್ಟಲೇಬೇಡಿ ಅಂದಿದ್ದಾರೆ. ನೀನು ಅಳತೆ ಕಳಿಸೋದು ಬಿಟ್ಟರೆ ಅವಳೂ ಬಿಟ್ಟಾಳು' ಎಂದು ಬರೆದಿದ್ದೀಯ. ಅದೇ ವಾರ ಅಮ್ಮ ಫೋನು ಮಾಡಿ, 'ಭುಜ ಇನ್ನೂ ಅಗಲ ಆಗಿರಬೇಕಲ್ಲೇನೇ?' ಎಂದಳು. ಹೂಂ ಅಂದುಬಿಟ್ಟೆ.

ಎರಡು ವರ್ಷದಿಂದ ಆ ಅಳತೆ ಎಲ್ಲಿಂದ ಬರುತ್ತದೆ ಗೊತ್ತೇ? ನಮ್ಮ ಮ್ಯೂಸಿಯಮ್ಮಿನ ಗೇಟಿನ ಕಾವಲುಗಾರನಿಗೆ, ತಮ್ಮ ಇದ್ದಿದ್ದರೆ ಆಗುತ್ತಿದ್ದ ವಯಸ್ಸು. ಮೊದಲ ಸಲ ನಾನು ಟೇಪು ಹಿಡಿದು ಹತ್ತಿರ ಹೋದಾಗ, 'ಏನಕ್ಕಾ, ನನ್ನನ್ನೂ ಗಾಜಿನ ಪೆಟ್ಟಿಗೇಲಿ ಇಡ್ತೀರಾ?' ಎಂದು ನಕ್ಕಿದ್ದ.

ಇಲ್ಲಿ ನನ್ನ ಕೆಲಸ, ಪೆಟ್ಟಿಗೆಗಳ ಪಕ್ಕದ ಫಲಕಕ್ಕೆ ನಾಲ್ಕು ಸಾಲು ಬರೆಯುವುದು. ಸಾಹಿತ್ಯ ಓದಿದ್ದು ಅಷ್ಟಕ್ಕಾದರೂ ಬಂತು. ಈಗ ಬರೆಯಬೇಕಾದದ್ದು ಡೈನೋಸಾರ್‌ಗಳ ಕಾಲದಲ್ಲಿದ್ದು ಅಳಿದುಹೋದ ಒಂದು ಪ್ರಾಣಿಯ ಬಗ್ಗೆ. ಮೊಸಳೆಗೆ ದೂರದ ನೆಂಟ, ಆದರೆ ಹೊಟ್ಟೆ ಎಳೆದುಕೊಂಡು ಹೋಗುವ ಜಾತಿಯಲ್ಲ. ನಾಯಿಯ ಹಾಗೆ ಉದ್ದ ಕಾಲು, ನೆಲದ ಮೇಲೇ ಬದುಕು. ಎಲ್ಲರೂ ಅದನ್ನು 'ಓಟಗಾರ' ಅನ್ನುತ್ತೇವೆ. ಅದರ ಎಡ ಮುಂಗಾಲು ಸಿಕ್ಕಿರಲಿಲ್ಲ. ಕಲ್ಲಿನಿಂದ ಮೂಳೆ ಬಿಡಿಸುವ ಹಿರಿಯರೊಬ್ಬರಿದ್ದಾರೆ, ನಮಗೆಲ್ಲ ಕಲ್ಲಜ್ಜ. ಅವರು ಬಲಗಾಲಿನ ಅಳತೆ ಹಿಡಿದು ಪ್ಲಾಸ್ಟರಿನಲ್ಲಿ ಎಡಗಾಲು ಮಾಡಿ ನಿಲ್ಲಿಸಿದ್ದರು. ಹಾಗೆ ಮಾಡಿದ ಮೂಳೆಗೆ ತೆಳು ಬಣ್ಣ ಹಚ್ಚುವುದು ಇಲ್ಲಿನ ಕ್ರಮ. ಯಾವುದು ನಿಜ, ಯಾವುದು ನಮ್ಮ ಊಹೆ ಎಂದು ನೋಡಿದವರಿಗೆ ತಿಳಿಯಬೇಕು. ಆದರೆ ದೂಳು ಕೂತು ಕೂತು ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದವು. ದಿನಾ ನೋಡುವ ನನಗೇ ವ್ಯತ್ಯಾಸ ಕಾಣುತ್ತಿರಲಿಲ್ಲ.

ಹೋದ ವಾರ, ಓಟಗಾರನ ಮೂಳೆ ಸಿಕ್ಕಿದ ಗುಂಡಿಯಿಂದಲೇ ತಂದು ಉಗ್ರಾಣದಲ್ಲಿ ಮರೆತಿದ್ದ ಒಂದು ಕಲ್ಲುಂಡೆಯನ್ನು ಒಡೆದರು. ಒಳಗೆ ನಿಜವಾದ ಎಡಗಾಲು. ಮೋಟು, ಡೊಂಕು. ಮರಿಯಾಗಿದ್ದಾಗಲೇ ಮುರಿದು, ತಾನಾಗಿ ಕೂಡಿಕೊಂಡಿದೆ ಎಂದರು ನಮ್ಮ ವಿಜ್ಞಾನಿ ಮೇಡಂ.

'ಹಾಗಾದ್ರೆ ಇದು ಓಡ್ತಾನೇ ಇರಲಿಲ್ವಾ?' ಎಂದೆ.

'ಓಡಿರಬಹುದು. ನಾವು ಅಂದ್ಕೊಂಡ ಹಾಗಲ್ಲ.'

ಕಲ್ಲಜ್ಜ ಕನ್ನಡಕ ತೆಗೆದು ಒರೆಸಿಕೊಂಡರು. 'ಓಟಗಾರ ಅಂತ ಹೆಸರಿಟ್ಟು ಕುಂಟನ್ನ ಸಾಕಿದ್ದೀವಿ ನೋಡಮ್ಮ' ಎಂದು, ತಾವೇ ಮಾಡಿದ ಕಾಲಿಗೆ ಗರಗಸ ಹಾಕಿದರು. ಅರ್ಧಕ್ಕೆ ನಿಲ್ಲಿಸಿದರು. 'ಕೈ ಬರ್ತಿಲ್ಲ. ಸುಳ್ಳೇ ಇರಲಿ, ಇಷ್ಟು ದಿನ ಇದರ ಮೇಲೇ ತಾನೆ ನಿಂತಿದ್ದು.' ಉಳಿದದ್ದನ್ನು ಮೇಡಂ ಕೊಯ್ದರು. ಆ ಸದ್ದಿಗೆ ನಾನು ಹೊರಗೆ ಬಂದುಬಿಟ್ಟೆ.

ಅಂದಿನಿಂದ ಸಂಜೆ ಹೊತ್ತು ನಮ್ಮ ಮೆಟ್ಟಿಲ ಮೇಲೆ ಹೆಜ್ಜೆ ಕೇಳುತ್ತದೆ ಅಕ್ಕಾ. ಒಂದು ಭಾರ, ಒಂದು ಹಗುರ. ನನ್ನ ಬಾಗಿಲಿಗೆ ಬಂದು ನಿಲ್ಲುತ್ತದೆ. ಮೇಲಿನ ಮನೆಯಾಕೆಯನ್ನು ಕೇಳಿದರೆ, 'ನಮ್ಮಲ್ಲಿ ಕುಂಟೋರು ಯಾರೂ ಇಲ್ಲಮ್ಮ, ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು' ಎಂದರು. ನಾನಿನ್ನೂ ಬಾಗಿಲು ತೆಗೆದು ನೋಡಿಲ್ಲ. ಪ್ರಾಣಿ ನಿಂತಿರುತ್ತದೆಂಬ ಹೆದರಿಕೆಯಲ್ಲ. ತಮ್ಮನೇ ನಿಂತಿದ್ದರೆ?

ಅಮ್ಮನಿಗೆ ನಮಸ್ಕಾರ ಹೇಳು, ಅವಳ ಕಣ್ಣಿಗೆ ಮರೆಯದೆ ಹನಿ ಹಾಕು. ಪುಟ್ಟಿ ಚೆನ್ನಾಗಿ ಬೆಳೆಯಲಿ, ನಮ್ಮ ಕಣ್ಣೆದುರೇ ಬೆಳೆಯಲಿ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಮೇಲೆ ಬರೆಯಲು ಆಗದೆ ಬಿಟ್ಟದ್ದು ಇದು. ತಮ್ಮನ ಮುಖ ನೆನೆಯಲು ಕೂತರೆ ಈಗ ಬರುವುದು ಆ ಕಾವಲುಗಾರನ ಮುಖ. ಅವನ ಭುಜ, ಅವನ ನಗು. ನಮ್ಮವನ ದನಿ ಹೇಗಿತ್ತು, ಹುಬ್ಬಿನ ಮೇಲಿನ ಗಾಯ ಯಾವ ಕಡೆಗಿತ್ತು, ಒಂದೂ ಹೊಳೆಯುವುದಿಲ್ಲ. ಅವನನ್ನು ಹೊಳೆ ಒಂದು ಸಲ ಒಯ್ದಿತು. ಮಿಕ್ಕಿದ್ದವನನ್ನು ನಾನು ಟೇಪು ಹಿಡಿದು ಅಳಿಸಿದೆ. ಅಮ್ಮನಿಗೂ ಹೀಗೇ ಆಗಿದೆಯೋ ಏನೋ, ಕೇಳುವ ಧೈರ್ಯವಿಲ್ಲ.

ಈ ಸಲ ಅಳತೆ ಕಳಿಸುವುದಿಲ್ಲ. ಶುಕ್ರವಾರ ನಾನೇ ಬರುತ್ತೇನೆ. ಹೊಳೆಗೆ ಇಳಿದ ದಿನ ತಮ್ಮ ದಂಡೆಯ ಮೇಲೆ ಬಿಚ್ಚಿಟ್ಟು ಹೋದ ನೀಲಿ ಅಂಗಿ ನಿನ್ನ ಬೀರುವಿನಲ್ಲಿದೆಯಲ್ಲ, ಅದನ್ನು ತೆಗೆದಿಡು. ಅಮ್ಮ ಭುಜದ ಅಳತೆ ಕೇಳಿದರೆ, ಅವಳ ಮುಂದೆಯೇ ಅದನ್ನು ಬಿಡಿಸಿ, ಅಳೆದು ಹೇಳುತ್ತೇನೆ.