ಹಿಂದಿರುಗುವ ದಾರಿಯ ಬಂಡೆ

ಅಕ್ಟೋಬರ್ 4, ಬುಧವಾರ

ಎಂದಿನಂತೆ ಫಿನ್ಲೇ ಮೇರ್ ಕೆಲಸ ಮುಗಿಸಿ ನೇರವಾಗಿ ಬಂದ. ಕೋಟಿನ ತುಂಬ ಮೀನಿನ ವಾಸನೆ. ಬೆಂಕಿಯ ಬಳಿ ಸ್ಟೂಲು ಎಳೆದುಕೊಂಡು, ಕಣ್ಣು ಮುಚ್ಚಿ, ಹೊರಡುವ ದಾರಿಯನ್ನು ಪೂರ್ತಿ ಒಪ್ಪಿಸಿದ. ಒಂದೂ ತಪ್ಪಿಲ್ಲ. ಶಾಲೆಯಲ್ಲಿ ನನ್ನೆದುರು ನಿಂತು ಮಗ್ಗಿ ಬಾರದೆ ಅತ್ತಿದ್ದ ಹುಡುಗ ಇವನೇ ಎಂದರೆ ನಂಬಿಕೆ ಬರುವುದಿಲ್ಲ.

ಬಂದರು ಬಿಟ್ಟು, ಬಲೆ ಬೀಸುವ ನೀರು ಮುಟ್ಟಿ, ಮರಳಿ ಮನೆ ಸೇರುವವರೆಗಿನ ಗುರುತುಗಳನ್ನೆಲ್ಲ ಹೆಸರು ಹಿಡಿದು ಹೇಳುವುದೇ ನಮ್ಮ ಲಾಡ್ಜಿನ, ಅಂದರೆ ಮೀನುಗಾರ ಸೋದರರ ಸಂಘದ, ದಾರಿಪಾಠ. ಬರೆಯುವಂತಿಲ್ಲ. ಬಾಯಿಂದ ಕಿವಿಗೆ ಮಾತ್ರ. ಹಾಗೆ ಹೇಳಿಕೊಡಬಲ್ಲವನು ಈಗ ನಾನೊಬ್ಬನೇ. ಉಳಿದ ಸೋದರರು ಕೇಳಿದರೆ ಗುರುತಿಸಬಲ್ಲರು, ಹೇಳಿಕೊಡಲಾರರು. ನಾವಿರುವುದು ಆರು ಜನ. ಏಳು ಜನರಿಲ್ಲದ ಲಾಡ್ಜು ವರ್ಷಾಂತ್ಯಕ್ಕೆ ಸನ್ನದು ಹಿಂದಿರುಗಿಸಿ ಬಾಗಿಲು ಮುಚ್ಚಬೇಕು. ಫಿನ್ಲೇ ಪಾಠ ಒಪ್ಪಿಸಿದರೆ ಏಳನೆಯವನಾಗುತ್ತಾನೆ. ಆಗುತ್ತಾನೆ.

ಕೆಟಲ್ ಒಲೆಯ ಮೇಲೇ ಉಳಿದು ತಳ ಸುಟ್ಟಿತು. ಪಾಠದ ಗುಂಗು.

ಅಕ್ಟೋಬರ್ 18, ಬುಧವಾರ

ಮರಳುವ ದಾರಿ ಆರಂಭ. ನಾನು ಒಮ್ಮೆ ಹೇಳಿದ್ದನ್ನು ಹಾಗೆಯೇ ಹಿಡಿದುಕೊಳ್ಳುತ್ತಾನೆ. ನನ್ನ ಉಸಿರು ನಿಂತಲ್ಲಿ ಅವನ ಉಸಿರೂ ನಿಲ್ಲುತ್ತದೆ. ಮರಳುವವನಿಗೆ ಮಾತ್ರ ಕಾಣುವ ಕೊನೆಯ ಗುರುತನ್ನು ಕೇಳಿ ನಕ್ಕುಬಿಟ್ಟ.

"ಇದನ್ನ ದಿನಾ ನೋಡ್ತೀನಲ್ಲ ಮೇಷ್ಟ್ರೇ. ಇದೂ ಒಂದು ಗುರುತಾ?"

"ಸಮುದ್ರದಿಂದ ನೋಡು, ಆಗ ಗೊತ್ತಾಗುತ್ತೆ" ಎಂದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಬಂಡೆಯ ಹೆಸರು ಹೇಳಿದ. (ಇಲ್ಲಿ ಬರೆಯುವಂತಿಲ್ಲ.) "ಅದು ವಾಪಸ್ ಬರೋವಾಗ ಸಿಗಲ್ವಾ ಮೇಷ್ಟ್ರೇ? ಬಂಡೆ ಎಲ್ಲಿಗೆ ಹೋಗುತ್ತೆ?"

"ಹೋಗುವಾಗ ಒಂದ್ಸಲ ಹೇಳಿದ್ದಾಯ್ತಲ್ಲ, ಸಾಕು. ಪಾಠ ಇರೋದೇ ಹಾಗೆ."

"ಸರಿ ಮೇಷ್ಟ್ರೇ."

ಪ್ರಶ್ನಿಸುವ ಬುದ್ಧಿ ಇದೆ. ವಿಧೇಯತೆಯೂ ಇದೆ. ಇಂಥ ಶಿಷ್ಯ ಸಿಗಲು ನಾನು ಪುಣ್ಯ ಮಾಡಿರಬೇಕು.

ನವೆಂಬರ್ 1, ಬುಧವಾರ

ಲಾಡ್ಜಿನಲ್ಲಿ ಊಟ. ಹೊಗೆ ಹಾಕಿದ ಹ್ಯಾಡಕ್ ಮೀನಿನ ಸಾರು, ಓಟ್ಸಿನ ರೊಟ್ಟಿ. ಯಜಮಾನ ಎಬೆನೀಜರ್ ಸ್ಲೇಟರ್ ಬಡಿಸುತ್ತ ಫಿನ್ಲೇಯನ್ನು ಕೆಣಕಿದ.

"ಏನಯ್ಯಾ, ಬಾಯೇ ಬಿಡಲ್ಲ? ಮೀನಿನ ಜೊತೆ ಇದ್ದೂ ಇದ್ದೂ ಮನುಷ್ಯರ ಮಾತು ಮರೆತೋಯ್ತಾ?"

"ಮೀನು ಎದುರು ಮಾತಾಡಲ್ಲ ಯಜಮಾನ್ರೇ. ಅದೇ ಸುಖ."

ಎಲ್ಲರೂ ನಕ್ಕರು. ಎಷ್ಟು ದಿನವಾಗಿತ್ತು ಆ ಕೋಣೆಯಲ್ಲಿ ನಗು ಕೇಳಿ. ಎಬೆನ್ ನನ್ನ ಕಿವಿಯಲ್ಲಿ, "ಹುಡುಗ ದಡ ಸೇರ್ತಾನಾ?" ಎಂದ. ಸೇರಿಸುತ್ತೇನೆ ಎಂದೆ. ಮನೆಗೆ ಬರುವಾಗ ದಾರಿ ತಪ್ಪಿ ಚರ್ಚಿನ ಬೀದಿಗೆ ತಿರುಗಿಬಿಟ್ಟಿದ್ದೆ. ಎಬೆನ್ ಕೈ ಹಿಡಿದು ಕರೆತಂದ. ಮಂಜು ದಟ್ಟವಾಗಿತ್ತು.

ನವೆಂಬರ್ 22, ಬುಧವಾರ

ಪರೀಕ್ಷೆಯ ಕ್ರಮ ಅಭ್ಯಾಸ ಮಾಡಿದೆವು. ಅವನು ದೀಪದ ಮುಂದೆ ನಿಲ್ಲಬೇಕು. ಅವನ ಎಡಕ್ಕೆ ನಾನು, ನನ್ನ ಬಲಗೈ ಅವನ ಹೆಗಲ ಮೇಲೆ. ಶಿಷ್ಯ ತಡವರಿಸಿದರೆ ಗುರು ಹೆಗಲನ್ನು ಅದುಮಿ ಮೊದಲ ಮಾತನ್ನು ಎತ್ತಿಕೊಡಬಹುದು. ಬೇರೆ ಯಾರೂ ತುಟಿ ತೆರೆಯಕೂಡದು. ಒಂದು ಬಂಡೆ ತಪ್ಪಿದರೂ ಯಜಮಾನ ದೀಪ ಆರಿಸುತ್ತಾನೆ. ದೋಣಿ ಮುಳುಗಿತೆಂದು ಅರ್ಥ. ಮತ್ತೆ ನಿಲ್ಲಲು ಒಂದು ವರ್ಷ ಕಾಯಬೇಕು. ನಮಗೆ ಆ ವರ್ಷವಿಲ್ಲ.

ಇಂದು ಅವನನ್ನು ಎರಡು ಸಲ ಆರ್ಚಿ ಎಂದು ಕರೆದುಬಿಟ್ಟೆ. ಆರ್ಚಿ ಅವನ ತಂದೆ, ಅವನೂ ನನ್ನ ಶಿಷ್ಯನೇ, ತೀರಿಹೋಗಿ ಎಷ್ಟೋ ಕಾಲವಾಯಿತು. ಹುಡುಗ ತಿದ್ದಲಿಲ್ಲ, ಆ ಹೆಸರಿಗೇ ಓಗೊಟ್ಟ.

ಡಿಸೆಂಬರ್ 6, ಬುಧವಾರ

ನಾಳೆ. ಕಪ್ಪು ಕೋಟಿಗೆ ಬ್ರಷ್ ಹಾಕಿದೆ. ಫಿನ್ಲೇಗೆ ನನ್ನ ಹಳೆಯ ಟೈ ಕೊಟ್ಟೆ. ಎರಡು ದಾರಿಗಳನ್ನೂ ನಿಲ್ಲದೆ ಹೇಳಿದ. ಅಷ್ಟು ಸ್ವಚ್ಛವಾಗಿ ನಾನೂ ಎಂದೂ ಹೇಳಿರಲಿಲ್ಲ.

ಡಿಸೆಂಬರ್ 8, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ.

ಜಿಲ್ಲೆಯಿಂದ ಪರೀಕ್ಷಕರು ಬಂದಿದ್ದರು. ಫಿನ್ಲೇ ನೆಟ್ಟಗೆ ನಿಂತು ಆರಂಭಿಸಿದ. ನನ್ನ ಕೈ ಅವನ ಹೆಗಲ ಮೇಲೆ. ಹೊರಡುವ ದಾರಿ ಮುಗಿಯಿತು, ದೋಣಿ ತಿರುಗಿತು. ಅಲ್ಲಿ ಅರೆಕ್ಷಣ ನಿಂತ. ನನ್ನ ಕಡೆ ನೋಡಿದ. ಧೈರ್ಯಕ್ಕೆ ನೋಡುತ್ತಿದ್ದಾನೆಂದುಕೊಂಡು ಮುಗುಳ್ನಕ್ಕು ತಲೆಯಾಡಿಸಿದೆ. ಮುಂದುವರಿದ.

ಕೋಣೆ ಸ್ತಬ್ಧವಾಯಿತು. ಗೌರವದ ಮೌನವೆಂದು ತಿಳಿದೆ. ಎಬೆನ್ ಎದ್ದ. ನನ್ನನ್ನೇ ನೋಡುತ್ತ ನಿಂತ. ಏನನ್ನು ಕಾಯುತ್ತಿದ್ದನೆಂದು ಈಗ ಬಲ್ಲೆ. ಆಮೇಲೆ ದೀಪ ಆರಿತು.

"ಎಣ್ಣೆ ಮುಗೀತೇನೋ ಎಬೆನ್, ಬೇರೆ ದೀಪ ಹಚ್ಚಿಸು" ಎಂದೆ. ಗಟ್ಟಿಯಾಗಿ. ಎಲ್ಲರೆದುರು.

ಫಿನ್ಲೇ ನನ್ನ ಕೈಯನ್ನು ಹೆಗಲಿನಿಂದ ಮೆಲ್ಲಗೆ ಇಳಿಸಿ, ತನ್ನ ಕೈಯಲ್ಲಿ ಹಿಡಿದುಕೊಂಡು, "ಬನ್ನಿ ಮೇಷ್ಟ್ರೇ, ನಾನೇ ತಪ್ಪು ಮಾಡ್ದೆ" ಎಂದ.

ಡಿಸೆಂಬರ್ 13, ಬುಧವಾರ

ಪಾಠದ ದಿನ. ಪಾಠವಿಲ್ಲ. ಆದರೂ ಫಿನ್ಲೇ ಬಂದ. ಎಬೆನ್ ಬೆಳಿಗ್ಗೆಯೇ ಬಂದು ಎಲ್ಲವನ್ನೂ ಬಿಡಿಸಿ ಹೇಳಿ ಹೋಗಿದ್ದ: ಬಿಟ್ಟುಹೋದದ್ದು ಯಾವ ಬಂಡೆ, ಎಲ್ಲಿ ಹೇಳಬೇಕಿತ್ತು.

"ನಿನಗೆ ಗೊತ್ತಿತ್ತು" ಎಂದೆ.

ಬೆಂಕಿ ಕೆದಕುತ್ತ ಕೂತ.

"ಅಕ್ಟೋಬರಿನಲ್ಲೇ ನೀನು ಕೇಳಿದ್ದೆ. ಗೊತ್ತಿತ್ತು ತಾನೆ?"

"ಚಿಕ್ಕಪ್ಪನ ದೋಣೀಲಿ ಎಷ್ಟು ಸಲ ಅದರ ಪಕ್ಕದಲ್ಲೇ ಬಂದಿಲ್ಲ ಮೇಷ್ಟ್ರೇ."

"ಮತ್ತೆ ಯಾಕೆ ಹೇಳ್ಲಿಲ್ಲ? ಒಂದು ಹೆಸರು. ಲಾಡ್ಜೇ ಉಳೀತಿತ್ತಲ್ಲೋ."

"ನೀವು ಎತ್ತಿಕೊಡ್ತೀರಿ ಅಂತ ಕಾದೆ. ನೀವು ನಕ್ಕು ತಲೆ ಆಡಿಸಿದ್ರಿ. ಪಾಠ ಇರೋದೇ ಹಾಗೆ ಅಂದಿದ್ರಲ್ಲ. ಅಷ್ಟು ಜನರ ಮುಂದೆ ನಾನು ಬೇರೆ ಹೇಳಿದ್ರೆ... ನಿಮ್ಮ ಮುಖ ಏನಾಗ್ತಿತ್ತು?"

ಹೀಗೆ ಪ್ರೀತಿಸು ಎಂದು ನಾನು ಅವನಿಗೆ ಎಲ್ಲಿ ಹೇಳಿಕೊಟ್ಟೆ? ಗುರುವಿನ ಮಾತು ಮೀರಬೇಡ ಎಂದಷ್ಟೇ ಕಲಿಸಿದೆ. ಬಂಡೆ ಕಂಡಾಗ ಮೀರು ಎಂದೂ ಕಲಿಸಬೇಕಿತ್ತು.

"ಈಗಲಾದರೂ ಹೇಳು, ಕೇಳ್ತೀನಿ" ಎಂದೆ. ಹೇಳಿದ. ಬಂಡೆ ತನ್ನ ಜಾಗದಲ್ಲಿ ಬಂದು ಕೂತಿತು. ಕೇಳಿದವನು ನಾನೊಬ್ಬ.

ಜನವರಿ 24, ಬುಧವಾರ

ಸನ್ನದನ್ನು ಗೋಡೆಯಿಂದ ಇಳಿಸಿದರು. ಅದಿದ್ದ ಕಡೆ ಗೋಡೆಯ ಬಣ್ಣವೇ ಬೇರೆ. ದೀಪವನ್ನು ನನಗೆ ಕೊಡುತ್ತೇನೆಂದ ಎಬೆನ್, ಬೇಡವೆಂದೆ. ನಾನು ಒಲೆಯನ್ನೇ ಮರೆಯುವವನು. "ಬಿಡೋ ಮಾರಾಯ, ನಾವೆಲ್ಲ ಮುದುಕರಾದ್ವಿ, ಅಷ್ಟೇ" ಎಂದು ಬೆನ್ನು ತಟ್ಟಿದ. ಒಬ್ಬನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫಿನ್ಲೇ ಬಂದಿರಲಿಲ್ಲ. ಸೋದರನಲ್ಲದವನು ಆ ಸಭೆಗೆ ಬರುವಂತಿಲ್ಲ.

ವೈದ್ಯರು ನನ್ನ ಮೆದುಳಿನ ಚಿತ್ರ ತೋರಿಸಿ ಏನೋ ವಿವರಿಸಿದರು. ಹೆಚ್ಚುತ್ತಾ ಹೋಗುತ್ತದೆ ಎಂಬುದು ಮಾತ್ರ ನೆನಪಿದೆ.

ಫೆಬ್ರವರಿ 3, ಶನಿವಾರ, ಬೆಳಿಗ್ಗೆ

ಫಿನ್ಲೇ ನಾಳೆ ನಾರ್ವೆಗೆ ಹೊರಡುತ್ತಾನೆ. ಅಲ್ಲಿ ಮೀನು ಸಾಕುವ ಕಡೆ ಕೆಲಸ. ನಮ್ಮ ನೀರು ಅವನಿಗೆ ಇನ್ನು ಬೇಕಿಲ್ಲ. ಆದರೂ ಕೈಯಲ್ಲಿ ಏನಾದರೂ ಕೊಟ್ಟು ಕಳಿಸಬೇಕೆನಿಸಿತು. ಬರೆಯಬಾರದ್ದನ್ನು ಬರೆಯುತ್ತಿದ್ದೇನೆ. ಲಾಡ್ಜೇ ಇಲ್ಲದ ಮೇಲೆ ಆಣೆ ಯಾರದು?

ಬಂದರಿನ ಗೋಡೆ ದಾಟಿದ ಮೇಲೆ ಬಲಕ್ಕೆ ಚರ್ಚಿನ ಮೊನೆ. ಅದು ಗುಡ್ಡದ ಹಿಂದೆ ಮರೆಯಾಗುವ ಮೊದಲು ಎಡಕ್ಕೆ ಅಕ್ಕತಂಗಿ ಕಲ್ಲುಗಳು. ಮುಂದೆ ಕುರುಡಜ್ಜಿ ಬಂಡೆ, ನೀರೇರಿದಾಗ ಕಾಣಳು, ಬಲಕ್ಕೆ ಬಿಟ್ಟು ನಡೆ. ಅಲ್ಲಿಂದಾಚೆ ನೀರು ಕಪ್ಪಾದಲ್ಲಿ ಬಲೆ.

ಈಗ ತಿರುಗು. ಮೊದಲು ಎಡಕ್ಕೆ ಕುರುಡಜ್ಜಿ. ಬರೆದೆ. ಬಿಡಲಿಲ್ಲ. ಆಮೇಲೆ ಬಲಕ್ಕೆ ಅಕ್ಕತಂಗಿ ಕಲ್ಲುಗಳು. ಗುಡ್ಡದಿಂದ ಹೊರಬಂದು ಎಡಕ್ಕೆ ಚರ್ಚಿನ ಮೊನೆ. ಇನ್ನೇನು ಬಂದರು. ಅದಕ್ಕೂ ಮೊದಲು, ಹೊರಡುವಾಗ ಹೇಳದ ಗುರುತೊಂದಿದೆ. ಮರಳುವವನಿಗೆ ಮಾತ್ರ ಕಾಣುವುದು. ಹುಡುಗ ಅದನ್ನು ಕೇಳಿ ನಕ್ಕಿದ್ದ. ನಾಲಿಗೆಯ ತುದಿಯಲ್ಲೇ ಇದೆ. ಅದು