ಹಕ್ಕಿ ಆರಿಸಿದ ಮೈ

ಅಣ್ಣ,

ನೀನು ಕೊಟ್ಟುಹೋದ ಔಷಧಿಯಿಂದ ಎಮ್ಮೆಗಳ ಮೈಮೇಲೆ ಹುಡುಕಿದರೂ ರಕ್ತ ಹೀರುವ ಒಂದು ಉಣುಗೂ ಸಿಗುವುದಿಲ್ಲ. ದನದ ಡಾಕ್ಟರ ತಂಗಿ ಎಂದು ಜಂಬ ಕೊಚ್ಚಿಕೊಂಡೆ.

ಆದರೆ ಉಣುಗು ಹೆಕ್ಕುವ ಹಕ್ಕಿಗಳು ಹೋಗಲಿಲ್ಲ. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ, ಅವು ಯಾವ ಎಮ್ಮೆಯ ಮೇಲೆ ಹೆಚ್ಚು ಕೂರುತ್ತವೋ ಅದಕ್ಕೇ ಮೊದಲು ಔಷಧಿ. ಕರುವಿನ ತಂಟೆಗೆ ಹೋಗುವುದಿಲ್ಲ. ದೊಡ್ಡ ಮೈ, ತುಂಬಾ ಉಣುಗು, ಅಷ್ಟೇ ಅವು ನೋಡುವುದು. ಆರಿಸುವುದರಲ್ಲಿ ಎಂದೂ ತಪ್ಪಿಲ್ಲ.

ಈಗ ಎಮ್ಮೆಗಳನ್ನೆಲ್ಲ ಬಿಟ್ಟು ನಮ್ಮನೆಯವರ ಹೆಗಲ ಮೇಲೆ ಕೂರುತ್ತಿವೆ. ಓಡಿಸಲು ಹೋದರೆ, "ಇರ್ಲಿ ಬಿಡೇ, ಹಿತವಾಗಿದೆ" ಅಂದರು. ಇವರ ಕಿವಿಯ ಹಿಂದೆ ಕುಕ್ಕಿ ಕುಕ್ಕಿ ಗಾಯ ಮಾಡಿವೆ, ಒಣಗಲೂ ಬಿಡುತ್ತಿಲ್ಲ. ಇವರು ಊಟಕ್ಕೂ ಒಳಗೆ ಬರುವುದಿಲ್ಲ, ಕೊಟ್ಟಿಗೆಯಲ್ಲೇ ನಿಂತಿರುತ್ತಾರೆ. ಎಮ್ಮೆಗಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಿವೆ.

ಇವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದೆ. ತಿರುಗಲಿಲ್ಲ. ಕಿವಿ ಮಾತ್ರ ಪಟಪಟನೆ ಆಡಿಸಿದರು.

ಬೇಗ ಬಾ. ಗಾಯಕ್ಕೆ ಔಷಧಿ ತಾ. ಮನುಷ್ಯರದ್ದೋ ಎಮ್ಮೆಯದ್ದೋ ಎಂದು ನನ್ನನ್ನು ಕೇಳಬೇಡ, ಎರಡೂ ತಾ.

ದಾರಿ ಕಾಯುತ್ತಿರುವ
ನಿನ್ನ ತಂಗಿ